ಮಗಳಿಗೆ ಫೀಸು, ತಂದೆಗೆ ಎಲೆ

ಮಂಜುನಾಥಪುರ, ಮೈಸೂರು
೪ ಸೆಪ್ಟೆಂಬರ್ ೨೦೨೪

ಕಾರ್ಯದರ್ಶಿಯವರಿಗೆ,
ಉಗ್ರಾಣದ ಮನೆ ವಿದ್ಯಾನಿಧಿ, ಲಕ್ಷ್ಮೀಪುರಂ

ಮಾನ್ಯರೇ,

ನನ್ನ ಹೆಸರು ಮಂಜುಶ್ರೀ. ಈ ವರ್ಷ ಪಿಯುಸಿ ಮುಗಿಸಿದೆ. ಬೀದರಿನ ಪಶುವೈದ್ಯ ಕಾಲೇಜಿನಲ್ಲಿ ನನಗೆ ಸೀಟು ಸಿಕ್ಕಿದೆ. ಫೀಸು ಕಟ್ಟಲು ಇದೇ ತಿಂಗಳ ಇಪ್ಪತ್ತೊಂದು ಕಡೆಯ ದಿನ. ಅಷ್ಟರೊಳಗೆ ಕಟ್ಟದಿದ್ದರೆ ಸೀಟು ಮುಂದಿನವರ ಪಾಲಾಗುತ್ತದೆ. ಸರ್ಕಾರದ ವಿದ್ಯಾರ್ಥಿವೇತನಕ್ಕೂ ಅರ್ಜಿ ಹಾಕಿದ್ದೇನೆ, ಆದರೆ ಅದು ಕೈಗೆ ಬರುವುದು ಫೀಸು ಕಟ್ಟಿ ಸೇರಿದ ಮೇಲೆ. ಬ್ಯಾಂಕಿನಲ್ಲಿ ಜಾಮೀನು ನಿಲ್ಲುವವರನ್ನು ಕರೆದುಕೊಂಡು ಬಾ ಎಂದರು. ನಮಗೆ ಅಂಥವರು ಯಾರೂ ಇಲ್ಲ.

ನಮ್ಮ ತಂದೆ ದೇವಯ್ಯ ಗೋಕುಲಂನಲ್ಲಿ ಹೊಂಗೆ ಮರದ ಕೆಳಗೆ ಗಾಡಿ ಇಟ್ಟುಕೊಂಡು ಬಟ್ಟೆ ಇಸ್ತ್ರಿ ಮಾಡುತ್ತಾರೆ. ಯೋಗ ಕಲಿಯಲು ಬರುವ ಫಾರಿನ್‌ನವರೂ ಅವರ ಹತ್ತಿರವೇ ಬಟ್ಟೆ ಕೊಡುತ್ತಾರೆ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅಮ್ಮ ತೀರಿಕೊಂಡರು. ಮನೆಯಲ್ಲಿ ನಾವಿಬ್ಬರೇ.

ದನಕರುಗಳ ಮೇಲೆ ನನಗೆ ಅಪಾರ ಪ್ರೀತಿ ಎಂದು ಬರೆದರೆ ಅದು ಇಂಟರ್‌ವ್ಯೂ ಮಾತಾಗುತ್ತದೆ. ನಿಜ ಹೇಳುತ್ತೇನೆ. ಅಪ್ಪನ ಗಾಡಿ ಹತ್ತಿರ ಒಂದು ಬೀದಿನಾಯಿಗೆ ಕಾಲು ಮುರಿದಿತ್ತು. ಸ್ಕೇಲು ಇಟ್ಟು ಹಳೇ ಪಂಚೆ ಹರಿದು ಕಟ್ಟಿದೆ. ಈಗ ಚೆನ್ನಾಗಿ ಓಡುತ್ತದೆ. ಕಟ್ಟುವಾಗ ನನ್ನನ್ನು ಕಚ್ಚಿತು, ಅದು ಬೇರೆ ವಿಷಯ. ಅವತ್ತಿನಿಂದ ನನಗೆ ಬೇರೆ ಏನನ್ನೂ ಓದಬೇಕು ಅಂತ ಅನ್ನಿಸಿಲ್ಲ.

ಈ ನಿಧಿಯ ಬಗ್ಗೆ ಹೇಳಿದವರು ನಮ್ಮ ಕಾಲೇಜಿನ ವಿಭಾ ಮೇಡಂ. ಫೋನ್ ಮಾಡಬೇಡ, ಇಮೇಲ್ ಕಳಿಸಬೇಡ, ಕೈಯಲ್ಲಿ ಬರೆದು ಅಂಚೆಗೆ ಹಾಕು ಎಂದರು. ಅದಕ್ಕೇ ಜೀವನದಲ್ಲಿ ಮೊದಲನೇ ಸಲ ಸ್ಟಾಂಪು ಕೊಂಡಿದ್ದೇನೆ. ತಪ್ಪಿದ್ದರೆ ಕ್ಷಮಿಸಿ.

ಇಂತಿ ತಮ್ಮ ವಿಧೇಯಳು,
ಮಂಜುಶ್ರೀ ಡಿ.


ಉಗ್ರಾಣದ ಮನೆ, ಲಕ್ಷ್ಮೀಪುರಂ
೯ ಸೆಪ್ಟೆಂಬರ್ ೨೦೨೪

ಕುಮಾರಿ ಮಂಜುಶ್ರೀಯವರಿಗೆ,

ನಿಮ್ಮ ಪತ್ರ ತಲುಪಿತು. ಸ್ಟಾಂಪನ್ನು ತಲೆಕೆಳಗಾಗಿ ಅಂಟಿಸಿದ್ದೀರಿ, ಆದರೂ ಬಂತು. ಈ ನಿಧಿಗೆ ಬರುವ ಅರ್ಜಿಗಳಲ್ಲಿ ನಾಯಿ ಕಚ್ಚಿದ್ದನ್ನು ಬರೆದವರು ನೀವೊಬ್ಬರೇ. ಓದಿ ಸಂತೋಷಪಟ್ಟೆ.

ವಿಭಾ ನಿಮಗೆ ಒಂದು ಸಂಗತಿ ಹೇಳುವುದನ್ನು ಮರೆತಂತಿದೆ. ನಮ್ಮ ನಿಧಿಯಿಂದ ತಂದೆ ಇಲ್ಲದ ಹೆಣ್ಣುಮಕ್ಕಳಿಗೆ ಮಾತ್ರ ಸಹಾಯ. ತಾಯಿ ಇಲ್ಲದವರು, ಬಡವರು, ಬುದ್ಧಿವಂತರು, ಎಲ್ಲರೂ ಬರೆಯುತ್ತಾರೆ. ಎಲ್ಲರಿಗೂ ಇದೇ ಉತ್ತರ. ನಿಮ್ಮ ತಂದೆ ಇದ್ದಾರೆ. ಅದಕ್ಕಾಗಿ ನಾನು ವಿಷಾದ ಹೇಳಲಾರೆ.

ನಿಮ್ಮ ಅರ್ಜಿಯನ್ನು ಇಪ್ಪತ್ತನೇ ತಾರೀಖಿನವರೆಗೆ ತೆರೆದಿಟ್ಟಿರುತ್ತೇನೆ. ಪರಿಸ್ಥಿತಿಯಲ್ಲಿ ಬದಲಾವಣೆ ಇದ್ದರೆ ತಿಳಿಸಿ.

ಭಾನುಮತಿ
ಕಾರ್ಯದರ್ಶಿ


ಮಂಜುನಾಥಪುರ, ಮೈಸೂರು
೧೨ ಸೆಪ್ಟೆಂಬರ್ ೨೦೨೪

ಮಾನ್ಯರೇ,

ತಮ್ಮ ಪತ್ರ ಬಂದು ಸೇರುವ ಹೊತ್ತಿಗೆ ಪರಿಸ್ಥಿತಿ ಬದಲಾಗಿತ್ತು. ಇದೇ ಹತ್ತನೇ ತಾರೀಖು ನಮ್ಮ ತಂದೆಯವರು ಗಾಡಿಯ ಹತ್ತಿರ ಎದೆ ನೋವೆಂದು ಕುಸಿದು ತೀರಿಕೊಂಡರು. ಹಿಂದಿನ ಪತ್ರದಲ್ಲಿ ಅವರ ಬಗ್ಗೆ ಬರೆದ ಸಾಲುಗಳನ್ನು ದಯವಿಟ್ಟು ಪರಿಗಣಿಸಬಾರದು.

ಮರಣಪತ್ರ ಬೇಕಾದಲ್ಲಿ ಸ್ವಲ್ಪ ದಿನ ಕಾಲಾವಕಾಶ ಕೊಡಬೇಕಾಗಿ ಕೋರುತ್ತೇನೆ.

ಮಂಜುಶ್ರೀ ಡಿ.


(ನೋಟ್ ಪುಸ್ತಕದ ಕೊನೆ ಹಾಳೆಯಲ್ಲಿ ಬರೆದದ್ದು, ಕಳಿಸಲು ಅಲ್ಲ)
೧೨ ಸೆಪ್ಟೆಂಬರ್ ೨೦೨೪

ಅಪ್ಪಾ,

ನೀನು ಈಗ ಗಾಡಿ ಹತ್ತಿರ ನಿಂತು ಯಾರದೋ ಬಿಳಿ ಪೈಜಾಮಕ್ಕೆ ನೀರು ಚಿಮುಕಿಸ್ತಾ ಇರ್ತೀಯ. ನಾನು ಇಲ್ಲಿ ಕೂತು ನಿನ್ನ ಸಾಯಿಸಿಬಿಟ್ಟೆ. ಎರಡು ಸಾಲು, ಅಷ್ಟೇ. ಇಷ್ಟು ದಿನ ನೀನು ಬೇಡಿದವರೆಲ್ಲ ನಾಳೆ ಬಾ ನಾಡಿದ್ದು ಬಾ ಅಂದ್ರು. ಸಂಜೆ ಬಂದು ನನ್ನ ಮುಖ ನೋಡಲಾರದೆ ತಟ್ಟೆ ನೋಡ್ಕೊಂಡು ಉಣ್ತಿದ್ದೆ. ಅದನ್ನ ಇನ್ನು ನೋಡಕ್ಕಾಗಲ್ಲ.

ಕಾಗದದ ಮೇಲೆ ತಾನೆ. ಬರೀ ಕಾಗದದ ಮೇಲೆ. ಬಾಯಿಬಿಟ್ಟು ನಿನಗೆ ಯಾವತ್ತೂ ಹೇಳಲ್ಲ, ಹೇಳಿದರೆ ಓದೂ ಬೇಡ ಏನೂ ಬೇಡ ಅಂತ ಎಳ್ಕೊಂಡು ಬರ್ತೀಯ.

ಮಂಜು


ಉಗ್ರಾಣದ ಮನೆ, ಲಕ್ಷ್ಮೀಪುರಂ
೧೬ ಸೆಪ್ಟೆಂಬರ್ ೨೦೨೪

ಚಿರಂಜೀವಿ ಮಂಜುಶ್ರೀಗೆ ಆಶೀರ್ವಾದಗಳು.

ನಿನ್ನ ಮೊದಲ ವರ್ಷದ ಫೀಸನ್ನು ಕಾಲೇಜಿಗೇ ಕಟ್ಟಿಸಿದ್ದೇನೆ. ರಸೀದಿ ಜೊತೆಗಿದೆ. ಇನ್ನು ನೀನು ಈ ಮನೆಯ ಹುಡುಗಿ, ಆದ್ದರಿಂದ ಬಹುವಚನ ಬಿಟ್ಟಿದ್ದೇನೆ.

ಮರಣಪತ್ರ ಬೇಡ. ನಾವು ಯಾರಿಂದಲೂ ಅದನ್ನು ಕೇಳುವುದಿಲ್ಲ. ತಂದೆಯ ವಿಷಯದಲ್ಲಿ ಮಗಳು ಬರೆದುಕೊಟ್ಟರೆ ಅದಕ್ಕಿಂತ ದೊಡ್ಡ ದಾಖಲೆ ಯಾವುದಿದೆ? ಅಂಥ ದುಃಖದಲ್ಲೂ ನಿನ್ನ ಅಕ್ಷರ ಮೊದಲನೇ ಪತ್ರಕ್ಕಿಂತ ದುಂಡಗಿದೆ. ಗಟ್ಟಿ ಹುಡುಗಿ.

ನಮ್ಮ ಮಾವನವರು ಅರಮನೆಯ ಉಗ್ರಾಣದಲ್ಲಿ ಕೆಲಸದಲ್ಲಿದ್ದವರು. ಅವರ ಕಾಲದಲ್ಲಿ ಬಡ ಹುಡುಗರು ವಾರಕ್ಕೊಂದು ದಿನ ಈ ಮನೆಗೆ ಊಟಕ್ಕೆ ಬರುತ್ತಿದ್ದರು, ವಾರಾನ್ನ ಎನ್ನುತ್ತಿದ್ದರು. ಆ ಪದ್ಧತಿ ನಿಂತ ಮೇಲೆ ನಮ್ಮ ಅತ್ತೆ ಅದನ್ನು ಹೀಗೆ ಬದಲಾಯಿಸಿದರು: ಮಗಳಿಗೆ ಫೀಸು, ತಂದೆಗೆ ಎಲೆ. ನಿಧಿಯಿಂದ ಓದುವ ಪ್ರತಿ ಹುಡುಗಿಯ ತಂದೆಯ ಫೋಟೋ ನಮ್ಮ ಹಜಾರದಲ್ಲಿದೆ. ಪ್ರತಿ ಅಮಾವಾಸ್ಯೆ ಮಧ್ಯಾಹ್ನ ಆ ಫೋಟೋ ಮುಂದೆ ಅವರವರಿಗೆ ಇಷ್ಟವಾದದ್ದನ್ನು ಮಾಡಿ ಎಡೆ ಇಡುತ್ತೇವೆ. ನಿಮ್ಮಲ್ಲಿ ಪಿತೃಪಕ್ಷಕ್ಕೆ ಹಿರಿಯರಿಗೆ ಇಡುತ್ತೀರಲ್ಲ, ಹಾಗೆಯೇ. ಅಡುಗೆ ಪುಟ್ಟಲಿಂಗಮ್ಮನದು. ನಮ್ಮದು ಸಸ್ಯಾಹಾರದ ಮನೆ, ಆದರೆ ಹಿತ್ತಲ ಒಲೆಯ ಮೇಲೆ ಅವಳು ಏನು ಬೇಯಿಸಿದರೂ ನಾನು ಕೇಳುವುದಿಲ್ಲ.

ಅಕ್ಟೋಬರ್ ಎರಡು ಮಹಾಲಯ ಅಮಾವಾಸ್ಯೆ. ಅಷ್ಟರಲ್ಲಿ ತಂದೆಯವರದೊಂದು ಫೋಟೋ ಕಳಿಸು. ಏನು ಉಣ್ಣುತ್ತಿದ್ದರು ಎಂದೂ ಬರೆ.

ಭಾನುಮತಿ


ಲೇಡೀಸ್ ಹಾಸ್ಟೆಲ್, ಬೀದರ್
೨೬ ಸೆಪ್ಟೆಂಬರ್ ೨೦೨೪

ಪೂಜ್ಯ ಭಾನುಮತಿ ಅಮ್ಮನವರಿಗೆ,

ನಿಮ್ಮ ದಯೆಯಿಂದ ಸೇರಿಕೊಂಡೆ. ಮೈಸೂರಿನಿಂದ ಇಲ್ಲಿಗೆ ರೈಲಿನಲ್ಲಿ ಎಷ್ಟು ದೂರ ಎಂದರೆ ತಂದಿದ್ದ ಚಿತ್ರಾನ್ನ ಹಳಸಿತು. ಇಲ್ಲಿಯವರು ನನ್ನ ಕನ್ನಡ ಕೇಳಿ ನಗುತ್ತಾರೆ, ನಾನು ಅವರ ಕನ್ನಡ ಕೇಳಿ ನಗುತ್ತೇನೆ. ಮೊದಲ ದಿನವೇ ಎಮ್ಮೆಯ ಅಸ್ಥಿಪಂಜರದ ಮುಂದೆ ನಿಲ್ಲಿಸಿ ಮೂಳೆ ಎಣಿಸಲು ಹೇಳಿದರು. ನನಗೆ ಎಷ್ಟು ಖುಷಿಯಾಯಿತೆಂದರೆ ರೂಮಿಗೆ ಬಂದು ಅತ್ತುಬಿಟ್ಟೆ.

ಫೋಟೋ ಕಳಿಸಿದ್ದೇನೆ. ಒಂದು ಮದುವೆಯಲ್ಲಿ ತೆಗೆದದ್ದು, ಪಕ್ಕದವರನ್ನು ಕತ್ತರಿಸಿದ್ದೇನೆ. ತಂದೆಯವರಿಗೆ ಜಿಲೇಬಿ, ಕೇಸರಿಬಾತು, ಪೂರಿ ಸಾಗು ಇಷ್ಟ. ತಮಗೆ ತೊಂದರೆ ಆಗುವುದಾದರೆ ಏನೂ ಇಡದಿದ್ದರೂ ಪರವಾಗಿಲ್ಲ.

ಮಂಜುಶ್ರೀ


ಉಗ್ರಾಣದ ಮನೆ, ಲಕ್ಷ್ಮೀಪುರಂ
೫ ಅಕ್ಟೋಬರ್ ೨೦೨೪

ಚಿರಂಜೀವಿ ಮಂಜುಶ್ರೀಗೆ ಆಶೀರ್ವಾದಗಳು.

ಮಹಾಲಯ ಅಮಾವಾಸ್ಯೆ ಮುಗಿಯಿತು. ಸಾಲಾಗಿ ಮೂವತ್ತೊಂದು ಎಲೆ ಹಾಕಿದ್ದೆವು. ಹನ್ನೆರಡೂವರೆಗೆ ಬಡಿಸಿ, ಹಜಾರದ ಬಾಗಿಲು ಹಾಕಿಕೊಂಡು ಬಂದು, ಒಂದು ಗಂಟೆ ಹೊತ್ತು ಹಿತ್ತಲಲ್ಲಿ ಕೂರುತ್ತೇವೆ. ಕಿಟಕಿಗೆ ಬಲೆ ಇದೆ, ಬೆಕ್ಕು ಕಾಗೆ ಬರುವಂತಿಲ್ಲ. ಆಮೇಲೆ ಬಾಗಿಲು ತೆಗೆದು ನೋಡಿದಾಗ ಉಳಿದ ಎಲೆಗಳೆಲ್ಲ ಹೇಗಿರಬೇಕೋ ಹಾಗಿದ್ದವು. ನಿನ್ನ ತಂದೆಯ ಎಲೆ ಮಾತ್ರ ಬಡಿಸಿದ ಹಾಗೇ ಇತ್ತು. ಜಿಲೇಬಿಯ ಮೇಲೆ ಇರುವೆ ಕೂಡ ಕೂತಿರಲಿಲ್ಲ.

ಮಗೂ, ನಮ್ಮನ್ನು ಮೆಚ್ಚಿಸಲು ದೊಡ್ಡವರ ಮನೆಯ ತಿಂಡಿ ಬರೆಯಬೇಡ. ಮನುಷ್ಯ ಏನು ಉಣ್ಣುತ್ತಿದ್ದ ಎಂದು ಮನೆಯವರಿಗೆ ಗೊತ್ತಿರುತ್ತದೆ. ಅವರು ಹಸಿದುಕೊಂಡು ಎದ್ದುಹೋದರಲ್ಲ ಎಂದು ಪುಟ್ಟಲಿಂಗಮ್ಮ ಅವತ್ತೆಲ್ಲ ಊಟ ಮಾಡಲಿಲ್ಲ. ನಿಜವಾದದ್ದು ಬರೆ.

ಭಾನುಮತಿ


ಲೇಡೀಸ್ ಹಾಸ್ಟೆಲ್, ಬೀದರ್
೧೪ ಅಕ್ಟೋಬರ್ ೨೦೨೪

ಪೂಜ್ಯ ಅಮ್ಮನವರಿಗೆ,

ನಿಮ್ಮ ಪತ್ರ ಓದಿ ನಾಚಿಕೆಯಾಯಿತು. ನನ್ನ ಅಪ್ಪನಿಗೆ ಊಟ ಸೇರಲಿಲ್ಲವೆಂದು ಉಪವಾಸ ಕೂರುವವರು ನಮ್ಮ ಊರಿನಲ್ಲಿ ಇದ್ದಾರೆ ಎಂದು ನನಗೆ ಗೊತ್ತಿರಲಿಲ್ಲ. ಪುಟ್ಟಲಿಂಗಮ್ಮನವರಿಗೆ ನನ್ನ ನಮಸ್ಕಾರ ಹೇಳಿ. ಹೌದು, ಜಿಲೇಬಿ ಸುಳ್ಳು. ಅಪ್ಪನಿಗೆ ಸಿಹಿ ಕಂಡರೆ ಆಗುವುದಿಲ್ಲ.

ಅವರ ಊಟವೆಂದರೆ ಬಿಸಿ ರಾಗಿ ಮುದ್ದೆ, ಹುರುಳಿಕಾಳಿನ ಬಸ್ಸಾರು. ಉಪ್ಪು ಒಂದು ಕಲ್ಲು ಮುಂದಿರಬೇಕು. ಪಕ್ಕಕ್ಕೆ ಹಸಿ ಈರುಳ್ಳಿಯನ್ನು ಹೆಚ್ಚಬಾರದು, ಗುದ್ದಿ ಇಡಬೇಕು. ಕೈಯಲ್ಲಿ ಕಾಸಿದ್ದ ಭಾನುವಾರ ಬೋಟಿ ಗೊಜ್ಜು. ಊಟ ಆದಮೇಲೆ ಒಂದು ಬೀಡಿ. ನಾಲ್ಕು ವರ್ಷದ ಹಿಂದೆ ಕೆಮ್ಮು ಬಂದಾಗ ನಾನು ಆಣೆ ಹಾಕಿಸಿ ಬೀಡಿ ಬಿಡಿಸಿದೆ, ಆದರೂ ಮುದ್ದೆ ಉಂಡ ಮೇಲೆ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಬರೆಯುತ್ತಾ ನನಗೇ ಹಸಿವಾಯಿತು. ಇಲ್ಲಿ ಮುದ್ದೆ ಸಿಗುವುದಿಲ್ಲ.

ಮಂಜುಶ್ರೀ


ಉಗ್ರಾಣದ ಮನೆ, ಲಕ್ಷ್ಮೀಪುರಂ
೩ ನವೆಂಬರ್ ೨೦೨೪

ಚಿರಂಜೀವಿ ಮಂಜುಶ್ರೀಗೆ ಆಶೀರ್ವಾದಗಳು.

ದೀಪಾವಳಿ ಅಮಾವಾಸ್ಯೆ ಚೆನ್ನಾಗಿ ಆಯಿತು. ನಿನ್ನ ತಂದೆ ತೃಪ್ತಿಯಾಗಿ ಉಂಡಿದ್ದಾರೆ. ಎಲೆಯಲ್ಲಿ ಒಂದಗುಳೂ ಉಳಿದಿರಲಿಲ್ಲ, ಎಲೆ ಮಡಿಸಿತ್ತು. ಈರುಳ್ಳಿ ಗುದ್ದಿದ್ದಕ್ಕೆ ಪುಟ್ಟಲಿಂಗಮ್ಮನಿಗೆ ಹೆಮ್ಮೆ. ಎರಡು ಬೀಡಿ ಇಟ್ಟಿದ್ದಳು. ಒಂದರ ತುಂಡು ಗೋಡೆ ಪಕ್ಕದಲ್ಲಿತ್ತು. ಇನ್ನೊಂದು ಇರಲಿಲ್ಲ, ಜೇಬಿಗೆ ಹಾಕಿಕೊಂಡು ಹೋಗಿರಬೇಕು.

ಇನ್ನು ನಿನಗೆ ಚಿಂತೆಯಿಲ್ಲ. ಓದಿನ ಕಡೆ ಗಮನ ಕೊಡು. ಎರಡನೇ ವರ್ಷದ ಫೀಸಿಗೆ ನೀನು ಮತ್ತೆ ಅರ್ಜಿ ಬರೆಯಬೇಕಾಗಿಲ್ಲ.

ಭಾನುಮತಿ


ಲೇಡೀಸ್ ಹಾಸ್ಟೆಲ್, ಬೀದರ್
೧೨ ನವೆಂಬರ್ ೨೦೨೪

ಪೂಜ್ಯ ಅಮ್ಮನವರಿಗೆ,

ಒಂದು ವಿನಂತಿ. ನಮ್ಮ ತಂದೆಯವರಿಗೆ ಎಡೆ ಇಡುವುದನ್ನು ನಿಲ್ಲಿಸಲು ಸಾಧ್ಯವೇ? ಎರಡು ಸಲ ಮಾಡಿದ್ದು ಸಾಕು. ನಮ್ಮ ಕಡೆ ಪ್ರತಿ ತಿಂಗಳು ಮಾಡುವುದಿಲ್ಲ, ವರ್ಷಕ್ಕೊಂದೇ ಸಲ. ಫೋಟೋ ಕೂಡ ನನ್ನ ಹತ್ತಿರ ಬೇರೆ ಇಲ್ಲ, ವಾಪಸು ಕಳಿಸಿದರೆ ಉಪಕಾರವಾಗುತ್ತದೆ.

ಕಾರಣ ಕೇಳಬೇಡಿ.

ಮಂಜುಶ್ರೀ


ಉಗ್ರಾಣದ ಮನೆ, ಲಕ್ಷ್ಮೀಪುರಂ
೧೮ ನವೆಂಬರ್ ೨೦೨೪

ಚಿರಂಜೀವಿ ಮಂಜುಶ್ರೀಗೆ,

ಕಾರಣ ಕೇಳುವುದಿಲ್ಲ. ಎಡೆಯನ್ನೂ ನಿಲ್ಲಿಸುವುದಿಲ್ಲ. ನಿಧಿಯ ನಿಯಮ ಎರಡು ಕಾಲಿನದು, ಒಂದನ್ನು ತೆಗೆದರೆ ಇನ್ನೊಂದು ನಿಲ್ಲದು. ಊಟಕ್ಕೆ ಕೂತ ಮನುಷ್ಯನ ಮುಂದಿನಿಂದ ಎಲೆ ಎತ್ತುವುದು ಈ ಮನೆಯಲ್ಲಿ ಇಂದಿನವರೆಗೆ ಆಗಿಲ್ಲ.

ನಿನ್ನ ಪತ್ರಗಳೆಲ್ಲ ಒಂದೇ ಕಡತದಲ್ಲಿವೆ. ಮೊದಲನೆಯದೂ ಇದೆ, ಎರಡನೆಯದೂ ಇದೆ. ನಾನು ಆಗಾಗ ತೆಗೆದು ಓದುತ್ತೇನೆ.

ಭಾನುಮತಿ


ಮಂಜುನಾಥಪುರ, ಮೈಸೂರು
೨ ಜನವರಿ ೨೦೨೫

ಅಮ್ಮನವರೇ,

ನನ್ನ ಅಪ್ಪ ಬದುಕಿದ್ದಾರೆ. ಯಾವತ್ತೂ ಸತ್ತಿರಲಿಲ್ಲ. ನೀವು ತಂದೆ ಇಲ್ಲದವರಿಗೆ ಮಾತ್ರ ಎಂದಿರಿ, ನಾನು ಸಾಯಿಸಿದೆ. ಸೀಟು ಹೋಗಿಬಿಡುತ್ತದೆ ಎಂಬ ಭಯದಲ್ಲಿ ಬರೆದೆ. ಪೊಲೀಸಿಗೆ ಕೊಡುವುದಾದರೆ ಕೊಡಿ, ಆದರೆ ಇದನ್ನು ಪೂರ್ತಿ ಓದಿ.

ದೀಪಾವಳಿ ದಿನ ಮಧ್ಯಾಹ್ನ ಅಪ್ಪನಿಗೆ ಫೋನ್ ಮಾಡಿದ್ದೆ. ಊಟ ಆಯ್ತಾ ಎಂದರೆ, "ಏನೂ ಉಂಡಿಲ್ಲ ಕಣವ್ವ, ಆದ್ರೂ ಹುರುಳಿ ಸಾರು ಉಂಡಂಗೆ ತೇಗು ಬರ್ತಾ ಅದೆ" ಎಂದರು. ಆಗ ನಕ್ಕೆ. ಒಂದು ವಾರ ಬಿಟ್ಟು ನಿಮ್ಮ ಪತ್ರ ಬಂತು. ನಗು ನಿಂತಿತು. ಅದಕ್ಕೇ ನಿಲ್ಲಿಸಿ ಎಂದು ಬರೆದದ್ದು. ಡಿಸೆಂಬರ್ ಒಂದರ ಅಮಾವಾಸ್ಯೆಗೂ ಹಾಗೇ ಆಯಿತು. ಅವತ್ತಿನಿಂದ ಮನೆಯ ಊಟವೇ ಅವರಿಗೆ ಸೇರುತ್ತಿಲ್ಲವಂತೆ. ಬಾಯಿಗಿಟ್ಟರೆ ಮಣ್ಣು ಅಗಿದ ಹಾಗೆ ಆಗುತ್ತದಂತೆ. ತಿಂಗಳಿಗೊಂದು ದಿನ ಮಾತ್ರ ಹೊಟ್ಟೆ ತುಂಬುತ್ತದೆ, ಅದೂ ಎಲ್ಲಿಂದ ಎಂದು ಗೊತ್ತಿಲ್ಲ.

ರಜೆ ಹಾಕಿ ಊರಿಗೆ ಬಂದೆ. ಅಪ್ಪ ಬಾಗಿಲಲ್ಲಿ ನಿಂತಿದ್ದರು. ಅಂಗಿಯೊಳಗೆ ಮನುಷ್ಯನೇ ಇಲ್ಲ. ಮೊನ್ನೆ ಮೂವತ್ತನೇ ತಾರೀಖು ಅಮಾವಾಸ್ಯೆ. ನಾನೇ ಮುದ್ದೆ ಕಟ್ಟಿ, ಬಸ್ಸಾರು ಮಾಡಿ, ಎದುರಿಗೇ ಕೂತೆ. ಕಣ್ಣೆದುರಿಗಿದ್ದರೆ ಏನಾಗುತ್ತದೆ ನೋಡೋಣ ಎಂಬ ಹಟ. ಹನ್ನೆರಡೂವರೆ ಆಯಿತು. ಅಪ್ಪ ತುತ್ತು ಮುರಿದು ಸಾರಿನಲ್ಲಿ ಅದ್ದಿದವರು ಕೈಯನ್ನು ಅಲ್ಲೇ ನಿಲ್ಲಿಸಿದರು. ಕಣ್ಣು ತೆರೆದೇ ಇತ್ತು. ನಾನು ಅಪ್ಪಾ ಅಪ್ಪಾ ಎಂದು ಭುಜ ಅಲುಗಿಸಿದೆ. ದವಡೆ ಮೆಲ್ಲಗೆ ಆಡುತ್ತಿತ್ತು, ಬಾಯಲ್ಲಿ ಏನೂ ಇರಲಿಲ್ಲ. ಒಂದು ಗಂಟೆ ಹೊತ್ತು ಹಾಗೇ ಕೂತಿದ್ದರು. ಆಮೇಲೆ ತೇಗಿ, "ಬ್ಯಾಡ ಕಣವ್ವ, ಹೊಟ್ಟೆ ತುಂಬ್ಬುಡ್ತು" ಎಂದು ಎದ್ದು ಕೈ ತೊಳೆದುಕೊಂಡರು. ಅವರ ಉಸಿರಿನಲ್ಲಿ ಬೀಡಿ ವಾಸನೆ ಇತ್ತು. ಜೇಬು ತಡಕಿದೆ, ಒಂದು ಬೀಡಿ ಸಿಕ್ಕಿತು. ಯಾರು ಕೊಟ್ಟರು ಎಂದರೆ, "ಯಾರೋ ಕೊಟ್ಟಂಗಾಯ್ತು, ಯಾರು ಅಂತ ಗ್ಯಾನಕ್ಕೆ ಬರ್ತಾ ಇಲ್ಲ" ಎಂದರು.

ಇನ್ನೊಂದಿದೆ. ಅವತ್ತು ಸಂಜೆ ಪಕ್ಕದ ಮನೆಯ ಶಾರದಕ್ಕ ಬಂದರು. ಅಪ್ಪ ಜಗಲಿಯ ಮೇಲೆ ನನ್ನ ಪಕ್ಕದಲ್ಲೇ ಕೂತಿದ್ದರು. ಶಾರದಕ್ಕ ಕಾಲು ಗಂಟೆ ನನ್ನ ಹತ್ತಿರ ಮಾತಾಡಿ, ಎದ್ದು ಹೋಗುವಾಗ, "ನಿಮ್ಮಪ್ಪ ಇನ್ನೂ ಬಂದಿಲ್ವೇನೇ?" ಎಂದರು. ಅಪ್ಪ ನಗುತ್ತಾ, "ಈ ನಡುವೆ ಎಲ್ರೂ ಅಂಗೇ ಮಾಡ್ತಾರೆ. ಗಾಡಿ ತಾವ ಬಂದು ನನ್ನ ಮುಂದೆನೇ ನಿಂತು, ಇಸ್ತ್ರಿಯವನು ಎಲ್ಲಿ ಹೋದ ಅಂತ ಮರವ ಕೇಳ್ತಾರೆ" ಎಂದರು. ಅವರಿಗೆ ಅದು ತಮಾಷೆ. ನಾನು ಒಳಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ಫೋಟೋ ಇಳಿಸಿ. ನಿಮ್ಮ ಕಾಲಿಗೆ ಬೀಳುತ್ತೇನೆ. ಕಟ್ಟಿದ ಫೀಸನ್ನು ಕೂಲಿ ಮಾಡಿಯಾದರೂ ತೀರಿಸುತ್ತೇನೆ. ಸೀಟು ನನಗೆ ಬೇಡ. ನಿನ್ನೆ ನಿಮ್ಮ ಮನೆ ಹುಡುಕಿಕೊಂಡು ಲಕ್ಷ್ಮೀಪುರಂ ಎಲ್ಲ ಸುತ್ತಿದೆ. ಉಗ್ರಾಣದ ಮನೆ ಎಂದರೆ ಯಾರಿಗೂ ಗೊತ್ತಿಲ್ಲ. ಪತ್ರವೊಂದೇ ದಾರಿ.

ಮಂಜುಶ್ರೀ


ಉಗ್ರಾಣದ ಮನೆ, ಲಕ್ಷ್ಮೀಪುರಂ
೧೩ ಜನವರಿ ೨೦೨೫

ಚಿರಂಜೀವಿ ಮಂಜುಶ್ರೀಗೆ ಆಶೀರ್ವಾದಗಳು.

ಗೊತ್ತಿತ್ತು, ಮಗು. ನಾಯಿ ಕಚ್ಚಿದ್ದನ್ನು ನಾಲ್ಕು ಸಾಲು ಬರೆದವಳು ತಂದೆಯ ಸಾವನ್ನು ಒಂದು ಸಾಲಿನಲ್ಲಿ ಮುಗಿಸಿದ್ದೆ. ಪೊಲೀಸು ಗಿಲೀಸು ಎಂದು ಹೆದರಬೇಡ, ಈ ಮನೆಯಲ್ಲಿ ಅಂಥದ್ದೆಲ್ಲ ಇಲ್ಲ. ನನಗೆ ನಿನ್ನ ಮೇಲೆ ಸಿಟ್ಟೂ ಇಲ್ಲ. ನೀನು ಬರೆದುಕೊಟ್ಟೆ, ನಾವು ಒಪ್ಪಿಕೊಂಡೆವು.

ಫೋಟೋ ಇಳಿಸಲು ಒಂದೇ ದಾರಿ ಇದೆ. ಮಗಳು ಬರೆದದ್ದನ್ನು ಮಗಳೇ ಅಳಿಸಲಾಗದು. ನಿನ್ನ ತಂದೆ ತಮ್ಮ ಕೈಯಾರೆ, "ನಾನು ಬದುಕಿದ್ದೇನೆ, ಈ ಮನೆಯ ಎಲೆ ನನಗೆ ಬೇಡ" ಎಂದು ಬರೆದು ಕಳಿಸಬೇಕು. ಇದೇ ಇಪ್ಪತ್ತೊಂಬತ್ತರ ಅಮಾವಾಸ್ಯೆ ಮಧ್ಯಾಹ್ನಕ್ಕೆ ಮುಂಚೆ ನನ್ನ ಕೈ ಸೇರಬೇಕು. ಆ ಕ್ಷಣ ಫೋಟೋ ಇಳಿಸಿ ಅಂಚೆಗೆ ಹಾಕುತ್ತೇನೆ. ಅವರು ಮನೆಯ ಊಟ ಉಣ್ಣುತ್ತಾರೆ. ಅಲ್ಲಿಗೆ ನಿನ್ನ ಫೀಸೂ ನಿಂತಿತು, ಮುಂದಿನ ವರ್ಷದ ಸೀಟು ನಿನ್ನ ಪಾಡಿಗೆ ಬಿಟ್ಟದ್ದು. ಇಪ್ಪತ್ತೊಂಬತ್ತು ದಾಟಿದರೆ ನಾನು ಏನೂ ಮಾಡಲಾರೆ. ನಾಲ್ಕನೇ ಎಲೆ ಉಂಡವರು ತಿರುಗಿ ಹೋದದ್ದಿಲ್ಲ.

ನಿನ್ನಂತೆ ಬರೆದು, ಆಮೇಲೆ ಅತ್ತು ಒಪ್ಪಿಕೊಂಡ ಹುಡುಗಿಯರು ಈವರೆಗೆ ಹನ್ನೊಂದು ಮಂದಿ. ಹನ್ನೊಂದು ಜನಕ್ಕೂ ಇದನ್ನೇ ಬರೆದೆ. ಯಾರ ತಂದೆಯಿಂದಲೂ ಕಾಗದ ಬರಲಿಲ್ಲ. ಎಲ್ಲ ಹುಡುಗಿಯರೂ ಓದು ಮುಗಿಸಿದರು, ಒಳ್ಳೆಯ ಕೆಲಸದಲ್ಲಿದ್ದಾರೆ.

ಭಾನುಮತಿ


ಲೇಡೀಸ್ ಹಾಸ್ಟೆಲ್, ಬೀದರ್
೧೭ ಜನವರಿ ೨೦೨೫

ಅಪ್ಪಾ,

ಇದನ್ನ ಫೋನಲ್ಲಿ ಹೇಳಕ್ಕೆ ನನಗೆ ಧೈರ್ಯ ಇಲ್ಲ. ನೀನು ಅಕ್ಷರ ಕೂಡಿಸಿಕೊಂಡು ನಿಧಾನಕ್ಕೆ ಓದು. ಬೇರೆ ಯಾರ ಕೈಲೂ ಓದಿಸಬೇಡ.

ಫೀಸು ಕಾಲೇಜಿನವರೇ ಮಾಫಿ ಮಾಡಿದ್ರು ಅಂತ ನಿನಗೆ ಹೇಳಿದ್ದೆನಲ್ಲ, ಅದು ಸುಳ್ಳು. ಲಕ್ಷ್ಮೀಪುರಂನಲ್ಲಿ ಒಂದು ಮನೆಯವರು ಕಟ್ಟಿದ್ದಾರೆ. ತಂದೆ ಇಲ್ಲದ ಹುಡುಗಿಯರಿಗೆ ಮಾತ್ರ ಕೊಡೋದು ಅಂದ್ರು. ನೀನು ಸತ್ತೋದೆ ಅಂತ ಬರೆದುಕೊಟ್ಟೆ. ಅವರು ನಿನ್ನ ಫೋಟ ಗೋಡೆಗೆ ಹಾಕಿ ಅಮಾವಾಸ್ಯೆ ಅಮಾವಾಸ್ಯೆಗೆ ಎಡೆ ಇಡ್ತಾ ಇದ್ದಾರೆ. ನಿನಗೆ ಏನಿಷ್ಟ ಅಂತ ಅವರಿಗೆ ಹೇಳಿಕೊಟ್ಟವಳೂ ನಾನೇ. ನೀನು ಯಾಕೆ ಸೊರಗ್ತಾ ಇದ್ದೀಯ, ಜನ ಯಾಕೆ ನಿನ್ನ ಕಾಣಲ್ಲ ಅಂತ ಈಗ ಗೊತ್ತಾಯ್ತಾ?

ಬಯ್ಯಿ, ಹೊಡಿ, ಆದರೆ ಇದೊಂದು ಕೆಲಸ ಮಾಡು. ಒಳಗೆ ಒಂದು ಕವರ್ ಇಟ್ಟಿದ್ದೀನಿ, ಅಡ್ರೆಸ್ ಬರೆದು ಸ್ಟಾಂಪು ಅಂಟಿಸಿದ್ದೀನಿ. ಒಂದು ಚೀಟಿಯಲ್ಲಿ ಏನು ಬರೀಬೇಕು ಅಂತ ದಪ್ಪಕ್ಷರದಲ್ಲಿ ಬರೆದಿದ್ದೀನಿ. ನೋಡ್ಕೊಂಡು ನಿನ್ನ ಕೈಯಲ್ಲೇ ಬರೆದು ಅಂಚೆಗೆ ಹಾಕು. ಇಪ್ಪತ್ತನಾಲ್ಕರೊಳಗೆ ಹಾಕು. ನೀನು ಹಾಕಿದ ದಿನ ನಾನು ಇಲ್ಲಿಂದ ಹೊರಟುಬರ್ತೀನಿ. ಗಾಡಿ ಹತ್ತಿರ ನಿಂತ್ಕೋತೀನಿ, ಬಟ್ಟೆ ಮಡಚ್ತೀನಿ. ಡಾಕ್ಟರು ಆಗದಿದ್ರೆ ಏನಾಯ್ತು. ನನಗೆ ನೀನು ಬೇಕು ಅಪ್ಪ. ಬೇರೆ ಏನೂ ಬೇಡ.

ಮಂಜು


ಮಂಜನಾತಪುರ
೨೫ ಜನವರಿ ೨೦೨೫

ಬಾನುಮತಿ ಅಮ್ಮೋರಿಗೆ ದೇವಯ್ಯ ಮಾಡುವ ನಮಸ್ಕಾರ.

ನಾನು ನಾಕನೇ ಕ್ಲಾಸು ಓದಿದವನು. ಬಟ್ಟೆ ಮೇಲೆ ಗುರುತು ಹಾಕೋದು ಬುಟ್ರೆ ಬರೆದಿದ್ದು ಕಮ್ಮಿ. ತಪ್ಪಿದ್ರೆ ಓದ್ಕೊಳ್ಳಿ.

ಮಗಳ ಕಾಗದ ಬಂತು. ಮೂರು ದಿನ ಓದಿದೆ. ನಾನು ಬದುಕಿದ್ದೀನಿ ಅಂತ ಬರೆದು ಕಳಿಸು ಅಂತ ಹೇಳವಳೆ. ಅವಳೇ ಬರೆದಿರೋ ಚೀಟಿ ಮುಂದೆ ಇಟ್ಕೊಂಡು ಕೂತಿದ್ದೀನಿ. ಅವಳ ಅಕ್ಷರ ಚೆಂದ ಅಮ್ಮ.

ನಿಮ್ಮ ಮನೆ ಯಾವ ಬೀದೀಲಿ ಅದೆ ನಂಗೂ ಗೊತ್ತಿಲ್ಲ. ಹಜಾರ ಮಾತ್ರ ಕಂಡಿದ್ದೀನಿ. ಕೆಂಪು ನೆಲ, ತಣ್ಣಗದೆ. ಕಿಟಕಿಗೆ ಬಲೆ. ಕನಸು ಅಂದ್ಕೊಂಡಿದ್ದೆ. ಸಾಲಾಗಿ ಗಂಡಸರು ಕೂತಿರ್ತಾರೆ, ಎಲ್ಲಾ ನನ್ನಂಗೆ ಕಷ್ಟ ಬಿದ್ದೋರೆ. ಗಾರೆ ಕೆಲಸದೋರು, ಟೈಲರು, ಒಬ್ರು ಬಸ್ ಕಂಡಕ್ಟ್ರು. ಯಾರೂ ಬಾಯ್ಬಿಟ್ಟು ಮಾತಾಡಲ್ಲ. ಆದ್ರೂ ಒಬ್ರದು ಒಬ್ರಿಗೆ ತಿಳೀತದೆ. ನನ್ನ ಪಕ್ಕದೋರ ಹೆಸ್ರು ಕೆಂಪಯ್ಯ ಅಂತ. ಅವರ ಮಗಳು ಈಗ ಹಾಸನದಲ್ಲಿ ದೊಡ್ಡ ಡಾಕ್ಟ್ರು ಅಂತೆ. ಆ ಮಗಳೂ ಅತ್ತು ಕರೆದು ಕವರು ಕಳಿಸಿದ್ದಳಂತೆ.

ಪುಟ್ಟಲಿಂಗಮ್ಮನೋರಿಗೆ ಹೇಳಿ, ಸಾರು ನಮ್ಮವ್ವ ಮಾಡಿದಂಗೇ ಇರ್ತದೆ. ಬೀಡಿ ಮಾತ್ರ ಇಡಬ್ಯಾಡಿ. ಮಗಳು ಆಣೆ ಹಾಕಿಸವಳೆ, ಎದುರಿಗಿದ್ರೆ ಬ್ಯಾಡ ಅನ್ನಕ್ಕಾಗಲ್ಲ.

ಹೆದರಿಕೆ ಆಗಲ್ವಾ ಅಂದ್ರೆ ಆಯ್ತದೆ. ಇಸ್ತ್ರಿ ಪೆಟ್ಟಿಗೆ ಎತ್ತಕ್ಕಾಗ್ತಾ ಇಲ್ಲ. ನಿನ್ನೆ ಗಾಡಿ ತಾವ ನಾಯಿನೂ ನನ್ನ ಮೂಸಲಿಲ್ಲ, ಮೈ ಮೇಲೆ ಹಾದೋದಂಗೆ ಹೋಯ್ತು. ಅವಳ ಒಂದ್ಸಲ ಕಣ್ತುಂಬ ನೋಡ್ಬೇಕು ಅನ್ನಿಸ್ತದೆ. ಅಂಗಂತ ಕರೆಸಿಕೊಂಡ್ರೆ ತಿರುಗಿ ಕಳ್ಸಕ್ಕೆ ನನಗೆ ಮನಸ್ಸು ಬರಲ್ಲ. ಹಿಂದಿನ ವರ್ಷ ಇವಳ ಫೀಸಿಗೆ ಅಂತ ಎಷ್ಟು ಬಾಗಲು ತಟ್ಟಿದೆ ಅಮ್ಮ. ಜೀವ ಇದ್ದಾಗ ನನ್ನ ಕೈಲಿ ಒಂದು ಸೀಟು ಕೊಡಿಸಕ್ಕಾಗಲಿಲ್ಲ. ಹಿಂದೆ ಒಂದ್ಸಲ ಫೋನಲ್ಲಿ ಒಂದು ಎಮ್ಮೆಗೆ ಕರ ಹಾಕಿಸಿದೆ ಅಂತ ಹೇಳಿದ್ದನ್ನೇ ಮೂರು ಸಲ ಹೇಳಿದ್ಲು, ಅಷ್ಟು ಖುಷಿ. ಆ ಖುಷಿ ಕಿತ್ಕೊಂಡು ಬಂದು ಗಾಡಿ ತಾವ ನಿಲ್ಲಿಸ್ಕೊಳ್ಳೋ ಅಪ್ಪ ಯಾಕೆ ಬೇಕು.

ಅದಕ್ಕೆ ಆ ಚೀಟಿಲಿರೋದು ನಾನು ಬರೆಯೋದಿಲ್ಲ. ಇಪ್ಪತ್ತೊಂಬತ್ತಕ್ಕೆ ನನ್ನ ಎಲೆ ಹಾಕಿ. ಪೂರ್ತಿ ಓದು ಮುಗಿಯೋ ತನಕ ಅವಳ ಫೀಸು ತಪ್ಪಿಸಬ್ಯಾಡಿ. ಅವಳು ಕೇಳಿದ್ರೆ, ಉಳಿದೋರಿಗೆಲ್ಲ ಹೇಳಿದಂಗೇ ಹೇಳಿ ಅಮ್ಮ. ಕಾಗದ ಬರಲಿಲ್ಲ ಅಂತ ಬರೀರಿ.

ದೇವಯ್ಯ